ಹತ್ತರೊಳಗೆ ಇಳಿದರೆ ಸಾಕೇ?

ಕಳೆದ ತಿಂಗಳು ಅಕ್ಕನ ಮಗಳು ಊರಿನಿಂದ ಒಂದು ಕಡತ ಕಳುಹಿಸಿದಳು. ಸಂಶೋಧನಾ ಪತ್ರಿಕೆಗೆ ಹೋಗಬೇಕಿದ್ದ ಅವಳ ಲೇಖನದ ಸಾಮ್ಯತೆ ವರದಿ; ಅಂದರೆ ಅದರ ಎಷ್ಟು ಪಾಲು ಬೇರೆಯವರ ಬರಹಕ್ಕೆ ಹೋಲುತ್ತದೆ ಎಂದು ಕಂಪ್ಯೂಟರ್ ಕೊಡುವ ಲೆಕ್ಕ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಶೇ 23. "ಮಾಮಾ, ಹತ್ತರೊಳಗೆ ಇಳಿದರೆ ಸಾಕು, ಗೈಡ್ ಸಹಿ ಹಾಕುತ್ತಾರೆ" ಎಂದಳು. ಇಳಿಸುವ ಉಪಾಯವೂ ಸಿದ್ಧವಿತ್ತು: ಕೆಂಪಾದ ಸಾಲುಗಳಲ್ಲಿ ಪದ ಬದಲಿಸಿಕೊಡುವ ತಂತ್ರಾಂಶ.

ಈ ಹತ್ತು ಬಂದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮಾವಳಿಯಿಂದ. ಶೇ 10ರವರೆಗೆ ದಂಡವಿಲ್ಲ. 40ರವರೆಗೆ ಲೇಖನ ಹಿಂಪಡೆಯಬೇಕು. ಅದನ್ನೂ ಮೀರಿದರೆ ವಾರ್ಷಿಕ ವೇತನ ಬಡ್ತಿಗೇ ಕತ್ತರಿ. ಉದ್ದೇಶ ಒಳ್ಳೆಯದೇ. ಆದರೆ ನಿಯಮ ಚಾಪೆಯ ಕೆಳಗೆ ತೂರಿದರೆ ಬರೆಯುವವರು ರಂಗೋಲಿಯ ಕೆಳಗೆ ತೂರುತ್ತಾರೆ. ಇಂಥ ತಂತ್ರಾಂಶಗಳ ಕೈಗೆ ಸಿಕ್ಕಿ ‘ಬ್ರೆಸ್ಟ್ ಕ್ಯಾನ್ಸರ್’ ಎಂಬುದು ‘ಬೂಸಮ್ ಪೆರಿಲ್’ (ಎದೆಯ ಗಂಡಾಂತರ) ಆಗಿ ಅಚ್ಚಾದದ್ದುಂಟು. 2021ರಲ್ಲಿ ಮೂವರು ಸಂಶೋಧಕರು ಇವನ್ನೆಲ್ಲ ಹೆಕ್ಕಿ, ‘ಚಿತ್ರಹಿಂಸೆ ಉಂಡ ಪದಗಳು’ ಎಂಬರ್ಥದ ಹೆಸರಿಟ್ಟರು. ಸಂಪಾದಕರು ಓದಿದ್ದರೆ ನಕ್ಕು ಹಿಂದಿರುಗಿಸುತ್ತಿದ್ದರು.

ನಾನಿರುವ ಜರ್ಮನಿಯವರೇನೂ ಹರಿಶ್ಚಂದ್ರನ ಮೊಮ್ಮಕ್ಕಳಲ್ಲ. ಮುಂದೆ ರಕ್ಷಣಾ ಸಚಿವರಾದ ಗುಟೆನ್‌ಬೆರ್ಗ್ ಅವರ ಪಿಎಚ್.ಡಿ. ಪ್ರಬಂಧಕ್ಕೆ ಬೈರಾಯ್ಟ್ ವಿಶ್ವವಿದ್ಯಾಲಯ ಅತ್ಯುನ್ನತ ದರ್ಜೆಯನ್ನೇ ಕೊಟ್ಟಿತ್ತು. ಅದರ ಪೀಠಿಕೆಯ ಆರಂಭವೇ ದಿನಪತ್ರಿಕೆಯ ಲೇಖನವೊಂದರಿಂದ ಎತ್ತಿದ್ದು! 2011ರಲ್ಲಿ ಗುಟ್ಟು ಒಡೆದಾಗ, ಒಬ್ಬರ ಮುಖ ಒಬ್ಬರು ಕಾಣದ ಜನ ಅಂತರ್ಜಾಲದಲ್ಲಿ ಸೇರಿ ಪ್ರಬಂಧವನ್ನು ಒಂದು ಕಡೆ, ಮೂಲವನ್ನು ಇನ್ನೊಂದು ಕಡೆ ಇಟ್ಟು ಸಾಲುಸಾಲಾಗಿ ತಾಳೆ ನೋಡಿದರು. 393 ಪುಟಗಳಲ್ಲಿ 371ರಲ್ಲಿ ನಕಲು ಸಿಕ್ಕಿತೆಂದು ಲೆಕ್ಕ ಕೊಟ್ಟರು. ಮೊದಲು ಪದವಿ ಹೋಯಿತು, ಮಾರ್ಚ್ 1ರಂದು ಮಂತ್ರಿಗಿರಿ. 2013ರಲ್ಲಿ ಶಿಕ್ಷಣ ಸಚಿವೆ ಶಾವಾನ್ ಅವರದೂ ಅದೇ ಗತಿ; ಅವರು ಪ್ರಬಂಧ ಬರೆದು ಮೂವತ್ತು ವರ್ಷ ದಾಟಿತ್ತು.

ನನಗೆ ಹಿಡಿಸಿದ್ದು ಶಿಕ್ಷೆಯಲ್ಲ, ಆ ತಾಳೆ ನೋಡುವ ಓದು. ನಮ್ಮ ಪ್ರಯೋಗಾಲಯದ ಮುಖ್ಯಸ್ಥೆಗೆ ಸಾಮ್ಯತೆ ವರದಿ ಕೊಟ್ಟರೆ, ಮೊದಲು ಶೇಕಡಾವಾರಿನ ಮೇಲೆ ಹಳದಿ ಚೀಟಿ ಅಂಟಿಸಿ ಮುಚ್ಚುತ್ತಾರೆ. ಆಮೇಲೆ ಓದು.

ಅಕ್ಕನ ಮಗಳ ವರದಿಯನ್ನೂ ಹಾಗೆಯೇ ಓದಿದೆವು, ಅವಳು ಅಲ್ಲಿ, ನಾನು ಇಲ್ಲಿ. ಕೆಂಪಿನಲ್ಲಿ ಬಹುಪಾಲು ಪ್ರಯೋಗದ ವಿಧಾನ: ಇಷ್ಟು ಡಿಗ್ರಿಯಲ್ಲಿ ಇಷ್ಟು ನಿಮಿಷ. ಅದನ್ನು ಬೇರೆ ಹೇಗೆ ಬರೆಯುವುದು? ಮೂಲ ವಿಧಾನ ಯಾರದೆಂದು ಹೇಳಿದರಾಯಿತು; ಹೇಳಿಯೂ ಇದ್ದಳು. ತೊಂದರೆ ಇದ್ದದ್ದು ಕೊನೆಯ ಭಾಗದ ಆರು ಸಾಲುಗಳಲ್ಲಿ. ಇನ್ನೊಬ್ಬರ ವಾದ, ಅವರದೇ ಮಾತು, ಹೆಸರು ಮಾತ್ರ ಇಲ್ಲ. ವರದಿಯಲ್ಲಿ ಅದರ ಪಾಲು ಬರೀ ಶೇ 2.

"ಟಿಪ್ಪಣಿ ಮಾಡಿಕೊಂಡಿದ್ದೆ, ಯಾರದೆಂದು ಮರೆತೆ ಮಾಮಾ" ಎಂದು ಪೆಚ್ಚಾದಳು. ಆ ರಾತ್ರಿಯೇ ಕುಳಿತು ಆರು ಸಾಲನ್ನೂ ತನ್ನ ಮಾತಿನಲ್ಲಿ ಬರೆದು, ವಾದ ಯಾರದೆಂದು ಹೆಸರು ಹಾಕಿದಳು. ಈಗ ಶೇ 21. ಗೈಡ್ ಇನ್ನೂ ಸಹಿ ಹಾಕಿಲ್ಲ.