ಹಲಸಿನ ಮರದ ಚೈನ್ ಪುಲ್ಲಿ, ಮಿಶಿಗನ್ನಿನ ಗ್ಯಾರೇಜು

ಇಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಪಕ್ಕದ ಮನೆಯ ಅಜ್ಜ ತಮ್ಮ 1990ರ ಮಾಜ್ದಾ ಮಿಯಾಟ ಕಾರಿನ ಎಂಜಿನ್ ಕಿತ್ತು ಶೆವ್ರೊಲೆ ಕಮಾರೊ ಅನ್ನುವ ದೊಡ್ಡ ಕಾರಿನ ಎಂಜಿನ್ ಕೂರಿಸುತ್ತೇನೆ ಅಂದಾಗ ನನಗೆ ಮೊದಲು ನೆನಪಾಗಿದ್ದು ಸೋದರಮಾವನ ಜೀಪು.

ಮಾವನ ತೋಟ ಇರುವುದು ಸಕಲೇಶಪುರದ ಹತ್ತಿರ. ಗೊಬ್ಬರ, ಆಳುಗಳು, ಕಾಫಿ ಮೂಟೆ ಎಲ್ಲ ಆ ಹಳೇ ಪೆಟ್ರೋಲ್ ಜೀಪಿನಲ್ಲೇ. 90ರ ದಶಕದಲ್ಲಿ ಪೆಟ್ರೋಲಿಗಿಂತ ಡೀಸೆಲ್ ಎಷ್ಟೋ ಅಗ್ಗ ಇತ್ತಲ್ಲ, ಅದಕ್ಕೇ ಊರೂರಲ್ಲಿ ಅಂಬಾಸಿಡರ್, ಜೀಪುಗಳಿಗೆಲ್ಲ ಡೀಸೆಲ್ ಎಂಜಿನ್ ಹಾಕಿಸುತ್ತಿದ್ದರು. ಮಾವನೂ ಗುಜರಿಯಿಂದ ಒಂದು ತರಿಸಿದರು. ಹಲಸಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಹಳೇದನ್ನು ಎತ್ತಿದರು. ಹೊಸ ಎಂಜಿನ್ನಿನ ಬೋಲ್ಟ್ ತೂತುಗಳು ಗೇರ್‌ಬಾಕ್ಸಿಗೆ ಕೂಡಲಿಲ್ಲ. ಮೆಕ್ಯಾನಿಕ್ ಒಂದು ರಟ್ಟು ಒತ್ತಿ ಗ್ರೀಸಿನ ಅಚ್ಚು ತೆಗೆದು ಲೇತ್ ಅಂಗಡಿಗೆ ಒಯ್ದ, ಮಾರನೇ ದಿನ ಸಂಜೆಗೆ ದಪ್ಪ ಕಬ್ಬಿಣದ ಪ್ಲೇಟು ತಯಾರು. ಮೂತಿ ಭಾರವಾಯಿತು ಅಂತ ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಸೇರಿಸಿದರು. ಎಂಟೇ ದಿನದಲ್ಲಿ ಜೀಪು ಓಡಿತು. ಅಷ್ಟೂ ದಿನ ಮಾವ ಕುರ್ಚಿ ಹಾಕಿಕೊಂಡು ಕೂತಿದ್ದರು, ಟೀ ತರಿಸುತ್ತಿದ್ದರು, ಒಂದು ಸ್ಪ್ಯಾನರ್ ಮುಟ್ಟಲಿಲ್ಲ. ನಮ್ಮಲ್ಲಿ ಹಾಗೇ ಅಲ್ವಾ? ಯಜಮಾನರು ಕೈ ಮಸಿ ಮಾಡಿಕೊಂಡರೆ ಮೆಕ್ಯಾನಿಕ್‌ಗೇ ಮುಜುಗರ.

ಇಲ್ಲಿ ಕಥೆ ಪೂರ್ತಿ ತಿರುಗಾಮುರುಗಾ. ಅಜ್ಜ ಡೆಟ್ರಾಯ್ಟ್ ಕಡೆಯ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಅವರ ಮಿಯಾಟ ಎರಡು ಸೀಟಿನ ಪುಟಾಣಿ, 1.6 ಲೀಟರ್ ಎಂಜಿನ್, 116 ಎಚ್‌ಪಿ, ತೂಕ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ. ಹಾಕಲು ಹೊರಟಿದ್ದು 2000ದ ಕಮಾರೊದ ಎಲ್‌ಎಸ್‌1, ಎಂಟು ಸಿಲಿಂಡರ್, 5.7 ಲೀಟರ್, 305 ಎಚ್‌ಪಿ. ಉಳಿತಾಯದ ಮಾತೇ ಇಲ್ಲ. ಯಾಕೆ ಅಂತ ಕೇಳಿದ್ದಕ್ಕೆ "ಅದರಲ್ಲಿ ಹಿಡಿಯುತ್ತೆ, ಅದಕ್ಕೆ" ಅಂದರು.

ಹಿಡಿಯುತ್ತೆ ಅನ್ನುವುದು ಸುಳ್ಳಲ್ಲ. ಈ ಎಂಜಿನ್ನಿನ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವುಗಳನ್ನು ತೆರೆಸುವ ದಂಡ, ಮೇಲೆ ಹೆಡ್ಡಿನಲ್ಲಿಲ್ಲ, ಕೆಳಗೆ ಬ್ಲಾಕಿನೊಳಗೇ ಇದೆ. ಉದ್ದ ಕಡ್ಡಿಗಳಿಂದ ವಾಲ್ವ್ ತಳ್ಳುವ ಹಳೇ ಕಾಲದ ಪುಶ್‌ರಾಡ್ ಪದ್ಧತಿ. ಹಾಗಾಗಿ ಹೆಡ್ ಸಣ್ಣದು, ಒಟ್ಟು ಗಾತ್ರವೂ ಚಿಕ್ಕದು, ಬ್ಲಾಕ್ ಅಲ್ಯೂಮಿನಿಯಂ ಆದ್ದರಿಂದ ಕಾರಿಗೆ ಕೂಡುವ ಭಾರ ಸುಮಾರು ನೂರು ಕಿಲೋ ಅಷ್ಟೆ. ಅಮೆರಿಕದಲ್ಲಿ ಯಾವ ಹಳೇ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದರೂ ಇದೇ ಎಂಜಿನ್ ಕೂತಿರುತ್ತೆ ಅನ್ನುವುದು ಇಲ್ಲಿನವರ ಹಳೇ ತಮಾಷೆ.

ಆದರೆ ಎಂಜಿನ್ ಕೂರಿಸುವುದು ಈ ಕೆಲಸದಲ್ಲಿ ಕಾಲು ಭಾಗವೂ ಅಲ್ಲ ಅಂತ ನನಗೆ ಗೊತ್ತಾಗಲು ಎರಡು ಚಳಿಗಾಲ ಬೇಕಾಯಿತು. ಹೌದು, ನಾನೂ ಸೇರಿಕೊಂಡೆ. ಕಂಪ್ಯೂಟರ್ ಕೀ ಬಿಟ್ಟು ಬೇರೇನೂ ಒತ್ತದ ಕೈ ನನ್ನದು. ಮೊದಲ ದಿನವೇ ತುಕ್ಕು ಹಿಡಿದ ಬೋಲ್ಟ್ ಒಂದನ್ನು ಮುರಿದು ಕೈಗೆ ಕೊಟ್ಟೆ. ಇಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಾರಿನ ಹೊಟ್ಟೆಯೆಲ್ಲ ತುಕ್ಕು. ಅಜ್ಜ ಬೈಯಲಿಲ್ಲ, ಮುರಿದ ಬೋಲ್ಟ್ ತೆಗೆಯುವುದು ಹೇಗೆ ಅಂತ ತೋರಿಸಿ ಒಳಗೆ ಕಾಫಿ ಕುಡಿಯಲು ಹೋದರು, ನಾನು ಎರಡು ಗಂಟೆ ಒದ್ದಾಡಿದೆ.

ಎಂಜಿನ್ ಕೂರಲು ಮುಂದಿನ ಸಬ್‌ಫ್ರೇಮೇ, ಅಂದರೆ ಎಂಜಿನ್ ಹೊರುವ ಚೌಕಟ್ಟೇ, ಬೇರೆ ಬೇಕು. ಗೇರ್‌ಬಾಕ್ಸೂ ಕಮಾರೊದ್ದೇ, ಆರು ಗೇರಿನ ಟಿ56. ಮಿಯಾಟದಲ್ಲಿ ಗೇರ್‌ಬಾಕ್ಸನ್ನೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನೂ ಕೂಡಿಸುವ ಉದ್ದನೆಯ ಅಲ್ಯೂಮಿನಿಯಂ ತೊಲೆ ಒಂದಿದೆ, ಅದು ಗೋಡೆಗೆ ಒರಗಿತು, ಈಗಲೂ ಅಲ್ಲೇ ಇದೆ. 1.6 ಲೀಟರಿನ ಕಾರಿನ ಡಿಫರೆನ್ಷಿಯಲ್ಲಿನಲ್ಲಿ ಕ್ರೌನ್ ವೀಲ್ ಅನ್ನುವ ಹಲ್ಲಿನ ಚಕ್ರ ತೀರಾ ಸಣ್ಣದು. ಇಷ್ಟು ಶಕ್ತಿ ಬಿಟ್ಟರೆ ಹಲ್ಲು ಉದುರುತ್ತೆ, ಅದಕ್ಕೆ ಫೋರ್ಡಿನ ದೊಡ್ಡದು ಬಂತು. ಪ್ರೊಪೆಲ್ಲರ್ ಶಾಫ್ಟು, ರೇಡಿಯೇಟರು, ಪೆಟ್ರೋಲ್ ಪಂಪು, ಕ್ಲಚ್ಚಿನ ಪೈಪು. ವೈರಿಂಗ್ ಬಗ್ಗೆ ಕೇಳಲೇಬೇಡಿ. ಕಮಾರೊದ ಕಂಪ್ಯೂಟರ್‌ಗೆ ತನ್ನ ಕೀಲಿ ಕಾಣಲಿಲ್ಲ ಅಂದರೆ ಕಾರು ಕಳುವಾಗಿದೆ ಅಂತ ತಿಳಿದುಕೊಂಡು ಎಂಜಿನ್ ನಡೆಯಲು ಬಿಡುವುದಿಲ್ಲ. ಅದರ ಕಾವಲನ್ನು ತೆಗೆಸುವುದು ಮಾತ್ರ ನನ್ನ ಕೆಲಸವಾಯಿತು, ಕೊನೆಗೂ ನಮ್ಮ ಸಾಫ್ಟ್‌ವೇರ್ ಜನ್ಮಕ್ಕೆ ಒಂದು ಉಪಯೋಗ.

ಎಲ್ಲದಕ್ಕೂ ಇಲ್ಲಿ ಕಿಟ್ ಸಿಗುತ್ತೆ, ಪೋಸ್ಟಿನಲ್ಲಿ ಬರುತ್ತೆ. ಯಾವ ಬೋಲ್ಟ್ ಎಷ್ಟು ಬಿಗಿಯಬೇಕು ಅನ್ನುವುದೂ ಪುಸ್ತಕದಲ್ಲಿದೆ. ಆದರೆ ಕಿಟ್‌ನಲ್ಲಿ ಇಲ್ಲದ ಒಂದೇ ಒಂದು ಸಣ್ಣ ಬ್ರಾಕೆಟ್ ಬೇಕಾದಾಗ ನೋಡಿ ಮಜಾ. ಮಷಿನ್ ಶಾಪಿನವರು ಡ್ರಾಯಿಂಗ್ ಕೇಳಿದರು, ಮೂರು ವಾರ ಅಂದರು, ಹೇಳಿದ ರೇಟಿಗೆ ನಮ್ಮೂರ ಲೇತ್ ಅಂಗಡಿಯವರು ಆರು ತಿಂಗಳು ನಗುತ್ತಿದ್ದರು. ಕೊನೆಗೆ ಅಜ್ಜನೇ ವೆಲ್ಡ್ ಮಾಡಿದರು. ತುಂಡು ಕಬ್ಬಿಣ ನೋಡಿಯೇ ಅಳತೆ ಹೇಳುವ ಮನುಷ್ಯ ಬೀದಿಗೊಬ್ಬ ಇರುವುದು ಎಂಥ ಆಸ್ತಿ ಅಂತ ಊರಲ್ಲಿದ್ದಾಗ ನನಗೆ ಹೊಳೆದಿರಲಿಲ್ಲ.

ಆದರೆ ಆ ಮನುಷ್ಯನನ್ನು ನಮ್ಮ ಕಾನೂನು ಕಳ್ಳನ ಹಾಗೆ ನೋಡುತ್ತೆ, ನನ್ನ ತಕರಾರು ಅದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಸೇರಿತು. ಗ್ಯಾಸ್ ಕಿಟ್, ಎಲೆಕ್ಟ್ರಿಕ್ ಕಿಟ್‌ಗಳಿಗೆ ದಾರಿ ಇದೆ. ಅದೇ ನಮೂನೆಯ ಎಂಜಿನ್ನಿಗೂ ಇದೆ. ದೊಡ್ಡ ಎಂಜಿನ್ ಸರಿಯಾಗಿ, ಶ್ರದ್ಧೆಯಿಂದ ಕೂರಿಸಿದ್ದೇನೆ, ಬಂದು ನೋಡಿ ಸ್ವಾಮಿ ಅನ್ನುವವನಿಗೆ ಬಾಗಿಲೇ ಇಲ್ಲ. ಹಾಗಂತ ಯಾರೂ ಸುಮ್ಮನಾಗಿಲ್ಲ, ಕದ್ದು ಮಾಡುತ್ತಾರೆ. ಮಾವನ ಜೀಪಿನ ಆರ್‌ಸಿಯಲ್ಲಿ ಬಹಳ ವರ್ಷ ಪೆಟ್ರೋಲ್ ಅಂತಲೇ ಇತ್ತು.

ಇಲ್ಲಿ ಮಿಶಿಗನ್ನಿನಲ್ಲಿ ಇನ್ನೊಂದು ಅತಿ. ವರ್ಷ ವರ್ಷ ತಪಾಸಣೆ ಅನ್ನುವುದೇ ಇಲ್ಲ, ಹೊಗೆ ಪರೀಕ್ಷೆಯೂ ಇಲ್ಲ. ಮೊದಲು ನಾನಿದ್ದ ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. 1976 ಮತ್ತು ನಂತರದ ಪೆಟ್ರೋಲ್ ಕಾರಾದರೆ, ಹಾಕುವ ಎಂಜಿನ್ ಕಾರಿನಷ್ಟೇ ಹೊಸದಾಗಿರಬೇಕು ಅಥವಾ ಇನ್ನೂ ಹೊಸದಾಗಿರಬೇಕು, ಅದರ ಜೊತೆ ಬಂದ ಹೊಗೆ ತಡೆಯುವ ಸಾಮಾನೆಲ್ಲ ಇರಬೇಕು. ರೆಫ್ರಿ ಅನ್ನುವ ಸರ್ಕಾರದ ಕಡೆಯ ತಪಾಸಕರೊಬ್ಬರು ನೋಡಿ, ಒಪ್ಪಿ, ಒಂದು ಚೀಟಿ ಅಂಟಿಸುತ್ತಾರೆ. ಅಲ್ಲಿನ ನನ್ನ ಗೆಳೆಯ ಮೂರು ಸಲ ತಿರುಗಾಡಿ ಶಾಪ ಹಾಕಿದ, ಆದರೆ ಚೀಟಿ ಸಿಕ್ಕಿದ ದಿನ ಮಗಳ ಮಾರ್ಕ್ಸ್ ಕಾರ್ಡಿನ ಹಾಗೆ ಎಲ್ಲರಿಗೂ ಫೋಟೋ ಕಳಿಸಿದ. ಆ ರೆಫ್ರಿಗಳೂ ನೋಡುವುದು ಹೊಗೆಯ ವಿಷಯ ಮಾತ್ರ ಅನ್ನಿ. ಜರ್ಮನಿಯಲ್ಲಿ ಇನ್ನೂ ಬಿಗಿ. ಎಂಜಿನ್ ಶಕ್ತಿ ಜಾಸ್ತಿಯಾದರೆ ಬ್ರೇಕು ಅದಕ್ಕೆ ತಕ್ಕ ಹಾಗಿದೆಯಾ ಅಂತಲೂ ನೋಡಿ, ಆಮೇಲೆ ಕಾಗದದಲ್ಲಿ ಬರೆಯುತ್ತಾರೆ. ನಮಗೆ ಬೇಕಾಗಿರುವುದು ಅಂಥದ್ದು. ಬೇಡ ಅನ್ನುವುದು ಸುಲಭ, ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡುವುದು ಕಷ್ಟ. ನಮ್ಮವರು ಸುಲಭದ್ದನ್ನು ಆರಿಸಿಕೊಂಡಿದ್ದಾರೆ ಅಂತ ನನ್ನ ಅನಿಸಿಕೆ.

ಏಪ್ರಿಲ್‌ನಲ್ಲಿ ಎಂಜಿನ್ ಸ್ಟಾರ್ಟ್ ಆಯಿತು. ಗ್ಯಾರೇಜಿನ ಕಿಟಕಿ ಗಾಜು ನಡುಗಿತು. ಅಜ್ಜ ಕಣ್ಣು ಒರೆಸಿಕೊಂಡರು, ಹೊಗೆಯಿಂದ ಅಂದರು. ನಾನು ಮಾವನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ತೋರಿಸಿದೆ. ಅವರು ಫೋನು ಮೂಗಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಬ್ರೇಕ್ ಯಾವುದೋ?"

"ಹಳೇದೇ ಮಾವ. ಮುಂದಿನ ಚಳಿಗಾಲಕ್ಕೆ ಬದಲಿಸೋಣ ಅಂತ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. ಡೀಸೆಲ್ ಹಾಕಿಸಿದ ವರ್ಷವೇ ಮೂಟೆ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವಾಗ ಡ್ರಮ್ ಕಾದು ಪೆಡಲ್ ನೆಲಕ್ಕೆ ಹೋಯಿತಂತೆ. ಗುಡ್ಡದ ಕಡೆಯ ಚರಂಡಿಗೆ ಇಳಿಸಿ ನಿಲ್ಲಿಸಿದರಂತೆ, ಎದುರಿಗೆ ಲಾರಿ ಬರುತ್ತಿತ್ತು. "ನಿಮ್ಮತ್ತೆಗೆ ಇವತ್ತಿಗೂ ಹೇಳಿಲ್ಲ ಕಣೋ."

ಅಜ್ಜನಿಗೆ ಕನ್ನಡ ಬರುವುದಿಲ್ಲ, ನನ್ನ ಮುಖ ನೋಡಿ ಏನಂತೆ ಅಂತ ಕೇಳಿದರು. ಹೇಳಿದೆ. ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು, ಗೋಡೆಯ ಮೊಳೆಗೆ ನೇತು ಹಾಕಿದರು.