ಅವಸರದ ತುತ್ತಿಗೆ ನೆನಪಿಲ್ಲ

ನಿಧಾನವಾಗಿ ಊಟ ಮಾಡಿ ಎಂದು ಹೇಳುವವರೆಲ್ಲ ಸಾಮಾನ್ಯವಾಗಿ ಆರೋಗ್ಯದ ಕಾರಣವನ್ನೇ ಮುಂದಿಡುತ್ತಾರೆ. ಜೀರ್ಣಕ್ರಿಯೆ ಸರಾಗವಾಗುತ್ತದೆ, ತೂಕ ಹತೋಟಿಯಲ್ಲಿರುತ್ತದೆ, ಹೊಟ್ಟೆಯುಬ್ಬರ ಕಡಿಮೆಯಾಗುತ್ತದೆ ಎನ್ನುತ್ತಾರೆ. ಇವು ಸುಳ್ಳಲ್ಲ. ಹೊಟ್ಟೆ ತುಂಬಿತೆಂಬ ಸುದ್ದಿ ಕರುಳಿನ ಹಾರ್ಮೋನುಗಳ ಮೂಲಕ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕೆಂದು ವೈದ್ಯರು ಹೇಳುವುದುಂಟು. ಅದಕ್ಕೂ ಮುನ್ನವೇ ತಟ್ಟೆ ಖಾಲಿ ಮಾಡಿ ಎದ್ದವನಿಗೆ ಆ ಸುದ್ದಿ ತಲುಪುವುದು ಕೈ ತೊಳೆದ ಮೇಲೆಯೇ. ಆದರೂ ಈ ವಾದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಊಟದ ಸುಖವನ್ನು ಆರೋಗ್ಯದ ಖಾತೆಗೆ ಜಮೆ ಮಾಡಿದ ಕೂಡಲೇ, ಆ ಸುಖ ತಾನು ಇರಬಹುದೇ ಎಂದು ಬೇರೊಬ್ಬರ ಅಪ್ಪಣೆ ಕೇಳಬೇಕಾಗುತ್ತದೆ. ಉಂಡದ್ದು ನಮಗೆ ದಕ್ಕಬೇಕು ಎಂಬುದೊಂದೇ ನಿಧಾನವಾಗಿ ಉಣ್ಣಲು ಸಾಕಷ್ಟು ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ದಕ್ಕುವುದು ಎಂದರೆ ಏನು ಎಂಬುದಕ್ಕೆ 1998ರಲ್ಲಿ ಪ್ರಕಟವಾದ ಒಂದು ಸಂಶೋಧನೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು, ಕೆಲವೇ ನಿಮಿಷಗಳ ಹಿಂದೆ ನಡೆದದ್ದನ್ನೂ ನೆನಪಿಟ್ಟುಕೊಳ್ಳಲಾಗದ ಇಬ್ಬರು ರೋಗಿಗಳಿಗೆ ಪೂರ್ಣ ಊಟ ಬಡಿಸಿದರು. ಅದು ಮುಗಿದು ಅರ್ಧ ಗಂಟೆಯೊಳಗೆ ಇನ್ನೊಂದು ಊಟ ತಂದಿಟ್ಟಾಗ ಅವರು ಅದನ್ನೂ ಉಂಡರು. ಮೂರನೆಯದು ಬಂದಾಗ ಬಹುಮಟ್ಟಿಗೆ ಅದಕ್ಕೂ ಕೈ ಹಾಕಿದರು. ಹೊಟ್ಟೆಯಲ್ಲಿ ಜಾಗವಿದೆಯೋ ಇಲ್ಲವೋ ಎಂಬುದಷ್ಟೇ ಊಟವನ್ನು ಆರಂಭಿಸುವುದಿಲ್ಲ, ನಿಲ್ಲಿಸುವುದೂ ಇಲ್ಲ. ಉಂಡೆನೆಂಬ ನೆನಪಿಗೂ ಅದರಲ್ಲಿ ದೊಡ್ಡ ಪಾಲಿದೆ. ಆ ರೋಗಿಗಳ ಸ್ಥಿತಿ ದುರದೃಷ್ಟದ್ದು, ಅದನ್ನು ನಮ್ಮ ಸ್ಥಿತಿಯೊಂದಿಗೆ ಸಮೀಕರಿಸುವುದು ಸರಿಯಲ್ಲ. ಆದರೆ ಒಂದು ಕೈಯಲ್ಲಿ ಫೋನ್ ಹಿಡಿದು, ಪರದೆಯ ಮೇಲಿನ ಜಗಳವೊಂದನ್ನು ಓದುತ್ತಾ ಇನ್ನೊಂದು ಕೈಯಿಂದ ತುತ್ತು ಎತ್ತುವವರಿಗೆ ಸಂಜೆಯ ಹೊತ್ತಿಗೆ ಆ ಜಗಳ ನೆನಪಿರುತ್ತದೆಯೇ ಹೊರತು ಊಟ ನೆನಪಿರುವುದಿಲ್ಲ. ಹೊಟ್ಟೆ ಉಂಡಿರುತ್ತದೆ, ಉಂಡವರು ಮಾತ್ರ ಅಲ್ಲಿರಲಿಲ್ಲ.

ರುಚಿಯ ವಿಷಯದಲ್ಲಂತೂ ಅವಸರದ ನಷ್ಟ ಇನ್ನೂ ನೇರವಾದದ್ದು. ನಾಲಿಗೆಗೆ ತಾನಾಗಿ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ, 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಗುರುತಿಸಿ ಹೆಸರಿಟ್ಟ ಉಮಾಮಿ ಎಂಬ ಮಾಂಸದ ಸಾರಿನಂಥ ರುಚಿ, ಇಷ್ಟೇ. ಉಳಿದ ವೈವಿಧ್ಯವೆಲ್ಲ ಬಹುಪಾಲು ಮೂಗಿನ ಕೆಲಸ, ಅದೂ ಹೊರಗಿನಿಂದ ಮೂಸಿದ್ದಲ್ಲ. ಅಗಿಯುವಾಗ ಬಿಡುಗಡೆಯಾಗುವ ಪರಿಮಳ ಗಂಟಲಿನ ಹಿಂಬದಿಯಿಂದ ಮೇಲೇರಿ ಮೂಗಿನೊಳಗೆ ಸೇರುತ್ತದೆ. ನೆಗಡಿಯಾದಾಗ ಎಲ್ಲ ತಿನಿಸೂ ಸಪ್ಪೆಯಾಗುವುದು ಆ ದಾರಿ ಕಟ್ಟಿಕೊಂಡದ್ದರಿಂದ. ತುತ್ತನ್ನು ಎರಡು ಬಾರಿ ಅಗಿದು ನುಂಗಿದರೆ ಪರಿಮಳ ಹೊರಬರುವುದಕ್ಕೂ ಜೊಲ್ಲಿನ ಕಿಣ್ವ ಪಿಷ್ಟವನ್ನು ಒಡೆದು ಸಣ್ಣದೊಂದು ಸಿಹಿಯನ್ನು ಹುಟ್ಟಿಸುವುದಕ್ಕೂ ಸಮಯವೇ ಸಿಗುವುದಿಲ್ಲ. ಎಷ್ಟೇ ಶ್ರದ್ಧೆಯಿಂದ ಬೇಯಿಸಿದ್ದರೂ ರುಚಿಯ ಕೊನೆಯ ಹಂತ ನಡೆಯುವುದು ಉಣ್ಣುವವರ ಬಾಯಲ್ಲಿ. ಆ ಹಂತವನ್ನು ನಾವೇ ಕೈಬಿಟ್ಟು ಅಡುಗೆಯಲ್ಲಿ ರುಚಿಯಿಲ್ಲವೆಂದು ದೂರುವುದು ಅಡುಗೆ ಮಾಡಿದವರಿಗೆ ಬಗೆಯುವ ಅನ್ಯಾಯ.

ಸಮಯವಿಲ್ಲ ಎಂಬ ಮಾತು ಬಂದೇ ಬರುತ್ತದೆ. ಚಿಂಪಾಂಜಿಗಳು ದಿನಕ್ಕೆ ಸುಮಾರು 6 ಗಂಟೆ ಬರೀ ಅಗಿಯುವುದರಲ್ಲೇ ಕಳೆಯುತ್ತವೆ ಎಂಬುದನ್ನು ಮಾನವಶಾಸ್ತ್ರಜ್ಞ ರಿಚರ್ಡ್ ರ‍್ಯಾಂಗಮ್ ಎತ್ತಿ ತೋರಿಸಿದ್ದಾರೆ. ಬೆಂಕಿಯಲ್ಲಿ ಬೇಯಿಸಲು ಕಲಿತ ಮನುಷ್ಯನಿಗೆ ಅಷ್ಟು ಹೊತ್ತು ಬೇಕಿಲ್ಲ, ದಿನಕ್ಕೆ ಒಂದು ಗಂಟೆ ಧಾರಾಳವಾಯಿತು. ಬೆಂಕಿ ನಮಗೆ ದಿನವೂ ಹಲವು ಗಂಟೆಗಳನ್ನು ಉಳಿಸಿಕೊಟ್ಟ ಮೇಲೂ ಉಳಿದ ಒಂದು ಗಂಟೆಯನ್ನೂ ನಾವು ಚೌಕಾಸಿ ಮಾಡಿ ಇಳಿಸುತ್ತಿದ್ದೇವೆ.

ಹಾಗೆಂದು ನಿಧಾನವನ್ನೇ ಒಂದು ವ್ರತ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಹೊರೇಸ್ ಫ್ಲೆಚರ್ (1849–1919) ಪ್ರತಿ ತುತ್ತೂ ಬಾಯಲ್ಲೇ ನೀರಾಗುವ ತನಕ ಅಗಿಯಬೇಕೆಂದೂ ದ್ರವವನ್ನು ಸಹ ಅಗಿದೇ ನುಂಗಬೇಕೆಂದೂ ಊರೂರು ಸುತ್ತಿ ಬೋಧಿಸಿದ; ಅವನ ಕಾಲದಲ್ಲಿ ಅದಕ್ಕೆ ದೊಡ್ಡ ಅನುಯಾಯಿ ಬಳಗವೇ ಇತ್ತು. ಇಂದು ಮೊಬೈಲಿನಲ್ಲಿ ಗಂಟೆ ಬಾರಿಸಿ ತುತ್ತುಗಳ ನಡುವಿನ ಅಂತರ ಅಳೆಯುವವರನ್ನು ಕಂಡಾಗ ಫ್ಲೆಚರ್ ಇನ್ನೂ ಸತ್ತಿಲ್ಲವೆನಿಸುತ್ತದೆ. ಎಣಿಸುತ್ತಾ ಅಗಿಯುವವನ ಗಮನ ಎಣಿಕೆಯ ಮೇಲಿರುತ್ತದೆ, ತುತ್ತಿನ ಮೇಲಲ್ಲ. (ಅಂಥವರ ಪಂಕ್ತಿಯಲ್ಲಿ ಕುಳಿತು ಉಣ್ಣುವುದಕ್ಕಿಂತ ಉಪವಾಸ ಮೇಲು ಎಂಬುದು ನನ್ನ ಖಾಸಗಿ ಅಭಿಪ್ರಾಯ.) ಇದಕ್ಕೆ ಹೋಲಿಸಿದರೆ ಇಟಲಿಯ ಕಾರ್ಲೊ ಪೆಟ್ರೀನಿ ಮತ್ತು ಗೆಳೆಯರು ಹುಟ್ಟುಹಾಕಿದ ಸ್ಲೋ ಫುಡ್ ಚಳವಳಿ ವಿಷಯವನ್ನು ಹೆಚ್ಚು ಸರಿಯಾಗಿ ಹಿಡಿದಿತ್ತು. 1986ರಲ್ಲಿ ರೋಮ್ ನಗರದ ಸ್ಪ್ಯಾನಿಷ್ ಮೆಟ್ಟಿಲುಗಳ ಬಳಿ ಮೆಕ್‌ಡೊನಾಲ್ಡ್ಸ್ ಮಳಿಗೆಯ ವಿರುದ್ಧ ನಡೆದ ಪ್ರತಿಭಟನೆಯೊಂದಿಗೆ ಅದರ ಹೆಸರು ತಳಕು ಹಾಕಿಕೊಂಡಿದೆ. 1989ರಲ್ಲಿ ಪ್ಯಾರಿಸ್‌ನಲ್ಲಿ ಅದರ ಪ್ರಣಾಳಿಕೆಗೆ ಸಹಿ ಬಿತ್ತು. ಬಸವನಹುಳು ಅದರ ಲಾಂಛನವಾಯಿತು. ಅವರು ಗಡಿಯಾರದ ಲೆಕ್ಕ ಹೇಳಲಿಲ್ಲ. ಉಣ್ಣುವ ಸಂತೋಷ ಎಲ್ಲರ ಹಕ್ಕು, ಬೆಳೆದವನಿಗೂ ಅದರಲ್ಲಿ ನ್ಯಾಯದ ಪಾಲಿರಬೇಕು ಎಂದರು.

ಸಣ್ಣ ಸುಖಗಳೆಲ್ಲದರ ಸ್ವಭಾವವೂ ಊಟದಂಥದೇ. ಒಂದೇ ತಿನಿಸನ್ನು ತಿನ್ನುತ್ತಾ ಹೋದಂತೆ ಅದರ ಹಿತ ಇಳಿಯುತ್ತಾ ಹೋಗುತ್ತದೆ ಎಂಬುದನ್ನು ಸಂಶೋಧಕರು ಅಳೆದು ತೋರಿಸುವ ಮುಂಚೆಯೇ ನಾಲಿಗೆಯಿದ್ದವರೆಲ್ಲ ಬಲ್ಲರು. ಹೆಚ್ಚು ಸುಖ ಬೇಕೆಂದು ಪ್ರಮಾಣವನ್ನು ಹೆಚ್ಚಿಸುವವರು ಇಳಿಜಾರಿನಲ್ಲೇ ಮುಂದುವರಿಯುತ್ತಾರೆ. ಮೊದಲ ಕೆಲವು ತುತ್ತುಗಳಲ್ಲೇ ನಿಂತು ನೋಡುವವರಿಗೆ ಅದೇ ಸುಖ ಅಲ್ಪದಲ್ಲೇ ಸಿಗುತ್ತದೆ. ಕ್ರಿ.ಪೂ. 341ರಲ್ಲಿ ಹುಟ್ಟಿದ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್ ಭೋಗಿಯೆಂದು ಕುಖ್ಯಾತನಾದರೂ, ಒಂದು ಚಿಕ್ಕ ಮಡಕೆ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬದೂಟ ಮಾಡುತ್ತೇನೆ ಎಂದು ಗೆಳೆಯನಿಗೆ ಬರೆದವನು. ಹಸಿದವನಿಗೆ ರೊಟ್ಟಿ ಮತ್ತು ನೀರು ಪರಮ ಸುಖ ಕೊಡುತ್ತವೆ ಎಂದವನೂ ಅವನೇ. ಈ ಮಾತಿನಲ್ಲಿ ಹಸಿವಿಗೆ ಅವನು ಕೊಟ್ಟ ಗೌರವ ನನಗೆ ಇಷ್ಟ. ಹಸಿವಾಗುವ ಮುನ್ನವೇ ಏನನ್ನಾದರೂ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಬೆಳೆದ ಮೇಲೆ ಆ ಸುಖದ ಅರ್ಧಭಾಗವೇ ಕಳೆದುಹೋಗಿದೆ. ಸ್ನಾನದ ಬಿಸಿನೀರು, ನಡಿಗೆಯ ನಂತರ ಕುಳಿತುಕೊಳ್ಳುವುದು, ಬಹಳ ದಿನ ಕಾದು ಬಂದ ಪತ್ರ, ಇವೆಲ್ಲವೂ ತಮಗಿಂತ ಮುಂಚಿನ ಕೊರತೆಯಿಂದಲೇ ಸವಿಯಾಗುತ್ತವೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಈ ಎರಡನ್ನೂ ಒಟ್ಟಿಗೆ ತಂದದ್ದು ಆಕಸ್ಮಿಕವಿರಲಾರದು. ನಾಲ್ವರು ಕೂಡಿ ಉಣ್ಣುವಾಗ ಮಾತೇ ಕೈಯನ್ನು ತಡೆಯುತ್ತದೆ, ಅಲ್ಲಿ ನಿಧಾನಕ್ಕೆ ಬೇರೆ ಸಾಧನೆ ಬೇಕಿಲ್ಲ. ಒಬ್ಬರೇ ಉಣ್ಣುವವರಿಗೆ ಮಾತ್ರ ಅದನ್ನು ತಾವೇ ಒದಗಿಸಿಕೊಳ್ಳುವ ಕಷ್ಟವಿದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯವನ್ನು ಬಿಟ್ಟರೆ ಬರಹ ಅಪ್ರಾಮಾಣಿಕವಾಗುತ್ತದೆ. ಪಾಳಿಯ ನಡುವೆ ಸಿಗುವ ಚೂರು ಬಿಡುವಿನಲ್ಲಿ ಸಾಲಿನಲ್ಲಿ ನಿಂತು, ನುಂಗಿ, ಯಂತ್ರದ ಮುಂದೆ ಮರಳಿ ನಿಲ್ಲಬೇಕಾದವರಿಗೆ ಸವಿದು ಉಣ್ಣಿ ಎಂದು ಹೇಳುವುದು ಕ್ರೌರ್ಯ. ಅವರ ಅವಸರ ಅವರ ಆಯ್ಕೆಯಲ್ಲ. ಕಾರ್ಮಿಕರು ದುಡಿಯುವ ಜಾಗದಲ್ಲೇ ಉಣ್ಣಲು ಮಾಲೀಕರು ಬಿಡಕೂಡದೆಂಬ ನಿಯಮ ಫ್ರಾನ್ಸಿನ ಕಾರ್ಮಿಕ ಸಂಹಿತೆಯಲ್ಲಿದೆ. 2021ರಲ್ಲಿ ಕೋವಿಡ್ ಕಾರಣಕ್ಕೆ ಅದನ್ನು ಸಡಿಲಿಸಿದಾಗ ಹೊರಗಿನವರು ಹಲವರು ಇಂಥದ್ದೊಂದು ನಿಯಮವಿದೆಯೇ ಎಂದು ನಕ್ಕರು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಊಟದ ವಿರಾಮ ಎಷ್ಟು ಉದ್ದವಿರಬೇಕು, ಆ ಹೊತ್ತಿನಲ್ಲಿ ಕರೆ ಬಂದರೆ ಎದ್ದು ಹೋಗಬೇಕೇ, ಕುಳಿತು ಉಣ್ಣಲು ಜಾಗವಿದೆಯೇ ಎಂಬ ಪ್ರಶ್ನೆಗಳು ಕೂಲಿಯ ಪ್ರಶ್ನೆಯಷ್ಟೇ ಗಂಭೀರವಾಗಿ ಚರ್ಚೆಗೆ ಬರಬೇಕು. ಆರೋಗ್ಯದ ಉಪನ್ಯಾಸ ಏರ್ಪಡಿಸುವ ಆಡಳಿತಗಳು ಆ ಉಪನ್ಯಾಸದ ಒಂದು ಗಂಟೆಯನ್ನು ಊಟದ ವಿರಾಮಕ್ಕೆ ಸೇರಿಸಿದರೆ ನನ್ನ ತಕರಾರಿಲ್ಲ.