ಅಜ್ಜಂದಿರ ನೆನಪಿಗೆ ನೂರು ವರ್ಷ ತಡವಾಗಿ ಹಾರಿದ ಬಾವುಟ

ಷಾರ್ಲೆಟ್‌ನಿಂದ ಅಟ್ಲಾಂಟಾಕ್ಕೆ ಕಾರಲ್ಲಿ ಹೋದವರು ಸೌತ್ ಕೆರೊಲಿನಾ ರಾಜ್ಯದ ಸ್ಪಾರ್ಟನ್‌ಬರ್ಗ್ ಹತ್ತಿರ ಅದನ್ನ ನೋಡಿಯೇ ಇರ್ತೀರಿ. ಐ-85 ಹೆದ್ದಾರಿ ಪಕ್ಕ ಖಾಸಗಿ ಜಾಗದಲ್ಲಿ ಎತ್ತರದ ಕಂಬ, ಅದರ ಮೇಲೆ ಕೆಂಪು ಬಟ್ಟೆ, ಮೂಲೆಯಿಂದ ಮೂಲೆಗೆ ಹಾದ ನೀಲಿ ಪಟ್ಟಿ, ಪಟ್ಟಿಯೊಳಗೆ 13 ಬಿಳಿ ನಕ್ಷತ್ರ. ಕಾನ್ಫೆಡರೇಟ್ ಬಾವುಟ, ಅಂದರೆ ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟ ಬಿಟ್ಟು ಹೊರಟು ಸೋತ ದಕ್ಷಿಣದ ರಾಜ್ಯಗಳ ಬಾವುಟ. ಮೊನ್ನೆ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಇದರ ಫೋಟೋ ಹಾಕಿ "ಇದನ್ನ ಸರ್ಕಾರ ತೆಗೆಸಬಾರದಾ?" ಅಂತ ಕೇಳಿದರು. ತಕ್ಷಣ ಬಂದ ಉತ್ತರ: "ಊರ ಉಸಾಬರಿ ನಮಗ್ಯಾಕೆ ಸಾರ್? ಯುದ್ಧದಲ್ಲಿ ಸತ್ತ ಅವರ ಅಜ್ಜಂದಿರ ನೆನಪಿಗೆ ಹಾರಿಸ್ಕೋತಾರೆ, ಹಾರಿಸ್ಕೊಳ್ಳಲಿ." ಅದಕ್ಕೆ ಹತ್ತಾರು ಹೆಬ್ಬೆರಳು. ಆಮೇಲೆ ಮಾತು ಯುಗಾದಿ ಊಟಕ್ಕೆ ಹೋಳಿಗೆ ಯಾರು ತರ್ತಾರೆ ಅನ್ನೋದಕ್ಕೆ ತಿರುಗಿತು.

ನನಗೆ ಪ್ರಶ್ನೆಯೂ ಸರಿ ಅನ್ನಿಸಲಿಲ್ಲ, ಉತ್ತರವೂ ಸರಿ ಅನ್ನಿಸಲಿಲ್ಲ.

ಮೊದಲು ಆ ಅಜ್ಜಂದಿರ ವಿಷಯ. ಯುದ್ಧ ಮುಗಿದದ್ದು 1865ರಲ್ಲಿ. ದಕ್ಷಿಣದವರ ಸೇನಾಪತಿ ರಾಬರ್ಟ್ ಲೀ ಅವರೇ 1869ರಲ್ಲಿ, ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಸ್ಮಾರಕದ ಗುರುತು ಹಾಕೋಕೆ ಬನ್ನಿ ಅಂತ ಕರೆದಾಗ, ಯುದ್ಧದ ಗಾಯಗಳನ್ನ ಮತ್ತೆ ಕೆದಕೋದು ಬೇಡ ಅಂತ ಪತ್ರ ಬರೆದು ಹೋಗದೆ ಉಳಿದರು. ಸೌತ್ ಕೆರೊಲಿನಾದ ಶಾಸನಸಭೆಯ ಗುಮ್ಮಟದ ಮೇಲೆ ಈ ಬಾವುಟ ಏರಿದ್ದು 1961ರಲ್ಲಿ, ಯುದ್ಧದ ಶತಮಾನೋತ್ಸವದ ಹೆಸರಲ್ಲಿ. ಉತ್ಸವ ಮುಗಿದ ಮೇಲೆ ಇಳಿಸಬೇಕಿತ್ತಲ್ಲ? ಇಳಿಸಲಿಲ್ಲ, 1962ರಲ್ಲಿ ಅಲ್ಲೇ ಹಾರಲಿ ಅಂತ ನಿರ್ಣಯ ಮಾಡಿದರು. ಅಜ್ಜನ ತಿಥಿ ಮಾಡೋಕೆ ಯಾರಾದರೂ ನೂರು ವರ್ಷ ಕಾಯ್ತಾರಾ?

ಆ ವರ್ಷಗಳಲ್ಲಿ ಏನು ನಡೀತಿತ್ತು ಅಂತ ನೋಡಿ. ಕರಿಯ ಮಕ್ಕಳನ್ನ ಬೇರೆ ಶಾಲೆಗೆ ಹಾಕೋದು ಸಂವಿಧಾನಬಾಹಿರ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ಪಕ್ಕದ ಜಾರ್ಜಿಯಾ ತನ್ನ ರಾಜ್ಯಧ್ವಜಕ್ಕೆ ಈ ಕೆಂಪು-ನೀಲಿ ವಿನ್ಯಾಸ ಸೇರಿಸಿಕೊಂಡದ್ದು 1956ರಲ್ಲಿ. 1960ರಲ್ಲಿ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಾಲೇಜು ಹುಡುಗರು ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಕೌಂಟರಿನಲ್ಲಿ ಕೂತು ಏಳಲ್ಲ ಅಂದರು. 1961ರಲ್ಲಿ ಷಾರ್ಲೆಟ್‌ನ ಮಗ್ಗುಲಲ್ಲೇ ಇರೋ ರಾಕ್ ಹಿಲ್‌ನಲ್ಲಿ ಹಾಗೆ ಕೂತವರು ದಂಡ ಕಟ್ಟದೆ ಜೈಲಿಗೇ ಹೋದರು. ಗುಮ್ಮಟದ ಮೇಲಿಂದ ಬಾವುಟ ಮಾತಾಡ್ತಿದ್ದದ್ದು ಸತ್ತ ಸೈನಿಕರ ಜೊತೆ ಅಲ್ಲ, ಕೆಳಗಿನ ಬೀದಿಯಲ್ಲಿ ನಡೀತಿದ್ದ ಈ ಹುಡುಗರ ಜೊತೆ.

"ಯುದ್ಧ ಆಗಿದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗೆ" ಅನ್ನೋ ಮಾತೂ ಗುಂಪಿನಲ್ಲಿ ಬಂತು. ನಮ್ಮವರು ಇದನ್ನ ಯಾವ ಯೂಟ್ಯೂಬ್‌ನಲ್ಲಿ ಕಲಿತರೋ! 1860ರ ಡಿಸೆಂಬರ್‌ನಲ್ಲಿ ಒಕ್ಕೂಟ ಬಿಟ್ಟು ಹೊರಟಾಗ ಸೌತ್ ಕೆರೊಲಿನಾ ತಾನೇ ಕಾರಣಪತ್ರ ಹೊರಡಿಸಿತ್ತು. ಅದರ ಮುಖ್ಯ ದೂರು, ಓಡಿಹೋದ ಗುಲಾಮರನ್ನ ಉತ್ತರದ ರಾಜ್ಯಗಳು ಹಿಡಿದು ಕೊಡ್ತಿಲ್ಲ ಅನ್ನೋದು. ನ್ಯೂಯಾರ್ಕ್‌ನಲ್ಲಿ ಗುಲಾಮನನ್ನ ಕರೆದುಕೊಂಡು ಹಾದುಹೋಗೋಕೂ ಬಿಡ್ತಿಲ್ಲ ಅಂತ ಗೋಳು. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಇವರ ತಕರಾರು.

2000ದಲ್ಲಿ ರಾಜಿಯಾಗಿ ಬಾವುಟ ಗುಮ್ಮಟದಿಂದ ಇಳೀತು. ಆದರೆ ಅದೇ ಆವರಣದ ಸೈನಿಕ ಸ್ಮಾರಕದ ಪಕ್ಕ ನೆಟ್ಟರು. 2015ರ ಜೂನ್ 17ರ ರಾತ್ರಿ ಚಾರ್ಲ್ಸ್‌ಟನ್‌ನ ಇಮ್ಯಾನ್ಯುಯೆಲ್ ಅನ್ನೋ ಕರಿಯರ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಜನರನ್ನ ಒಬ್ಬ ಬಿಳಿಯ ಯುವಕ ಗುಂಡಿಟ್ಟು ಕೊಂದ. ಸತ್ತವರಲ್ಲಿ ಪಾದ್ರಿಯೂ ಸೆನೆಟರೂ ಆಗಿದ್ದ ಕ್ಲೆಮೆಂಟಾ ಪಿಂಕ್ನಿ ಒಬ್ಬರು. ಕೊಂದವನು ಇದೇ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡಿದ್ದ. ದೇಶದ ಬಾವುಟ, ರಾಜ್ಯದ ಬಾವುಟ ಎರಡೂ ಅರ್ಧಕ್ಕಿಳಿದವು. ಇದೊಂದು ಮಾತ್ರ ಕಂಬದ ತುದಿಯಲ್ಲೇ ಇತ್ತು, ಶಾಸನಸಭೆಯ ಒಪ್ಪಿಗೆ ಇಲ್ಲದೆ ಮುಟ್ಟುವ ಹಾಗಿರಲಿಲ್ಲ. ಜೂನ್ 27ರ ಬೆಳಿಗ್ಗೆ ಬ್ರೀ ನ್ಯೂಸಮ್ ಅನ್ನೋ ಹೆಣ್ಣುಮಗಳು ಹೆಲ್ಮೆಟ್ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು ಆ ಕಂಬ ಹತ್ತಿ ಬಾವುಟ ಬಿಚ್ಚಿದಳು. ಕೆಳಗೆ ಪೊಲೀಸರು ಕಾಯ್ತಾ ನಿಂತಿದ್ದರು, ಆಕೆ ಪ್ರಾರ್ಥನೆ ಹೇಳ್ತಾ ಇಳಿದು ಬಂದಳು. ಬಂಧನ ಆಯಿತು, ಬಾವುಟ ಮತ್ತೆ ಮೇಲೇರಿತು. ಎರಡು ವಾರದ ನಂತರ, 94ಕ್ಕೆ 20 ಮತಗಳಿಂದ ಕೆಳಮನೆಯೂ ಒಪ್ಪಿ, ಜುಲೈ 10ರಂದು ಶಾಶ್ವತವಾಗಿ ಇಳೀತು.

ಕಾಯ್ದೆಗೆ ಸಹಿ ಹಾಕಿದ ಗವರ್ನರ್ ನಿಕ್ಕಿ ಹೇಲಿ, ಪಂಜಾಬಿ ಸಿಖ್ ದಂಪತಿಯ ಮಗಳು. ಅದನ್ನ ಹೇಳಿಕೊಂಡು ನಮ್ಮವರು ಎದೆ ಉಬ್ಬಿಸ್ತಾರೆ. ಆದರೆ 2014ರ ಚುನಾವಣಾ ಚರ್ಚೆಯಲ್ಲಿ ಆಕೆಯೇ, ಯಾವ ಕಂಪನಿಯ ಸಿಇಒ ಕೂಡ ಈ ಬಾವುಟದ ಬಗ್ಗೆ ನನ್ನ ಹತ್ರ ಮಾತೆತ್ತಿಲ್ಲ ಅಂದಿದ್ದರು. ಅದೂ ಒಂದು ಥರ "ನಮಗ್ಯಾಕೆ" ಅಲ್ಲದೆ ಇನ್ನೇನು?

ಈಗ ಮೊದಲ ಪ್ರಶ್ನೆ, ಸರ್ಕಾರ ತೆಗೆಸಬಾರದಾ ಅನ್ನೋದು. ಖಾಸಗಿ ಜಾಗದ ಬಾವುಟವನ್ನ ಅದರ ಅರ್ಥ ಇಷ್ಟವಾಗಲಿಲ್ಲ ಅಂತ ತೆಗೆಸೋಕೆ ಇಲ್ಲಿನ ಸಂವಿಧಾನ ಬಿಡಲ್ಲ. ಬಿಡಲೂಬಾರದು. ಇವತ್ತು ಅವರ ಕಂಬ, ನಾಳೆ ಇನ್ಯಾರದೋ. ಸರ್ಕಾರದ ಕಂಬದ ಮಾತೇ ಬೇರೆ. ಚಾರ್ಲ್ಸ್‌ಟನ್ ಹತ್ಯೆಯ ಮಾರನೇ ದಿನವೇ ಸುಪ್ರೀಂ ಕೋರ್ಟ್ ಟೆಕ್ಸಸ್ ಪ್ರಕರಣವೊಂದರಲ್ಲಿ, ವಾಹನದ ನಂಬರ್ ಪ್ಲೇಟ್ ಅಂದರೆ ಸರ್ಕಾರದ್ದೇ ಮಾತು, ಅದರ ಮೇಲೆ ಈ ಬಾವುಟ ಹಾಕೋಕೆ ರಾಜ್ಯ ಒಲ್ಲೆ ಅನ್ನಬಹುದು ಅಂತ ತೀರ್ಪು ಕೊಟ್ಟಿತು. ನನ್ನ ಲೆಕ್ಕವೂ ಇಷ್ಟೇ. ನಿಮ್ಮ ಅಂಗಳ ನಿಮ್ಮದು. ನನ್ನ ತೆರಿಗೆಯಲ್ಲಿ ನಿಂತ ಕಂಬ ನಿಮ್ಮೊಬ್ಬರದಲ್ಲ.

ಇನ್ನು ಉಸಾಬರಿ. 1965ಕ್ಕೆ ಮೊದಲು ಭಾರತದಿಂದ ಇಲ್ಲಿಗೆ ವಲಸೆ ಬರೋಕೆ ಇದ್ದ ಕೋಟಾ ವರ್ಷಕ್ಕೆ ಸುಮಾರು 100 ಜನ. ಆ ಬಾಗಿಲು ತೆರೆದ ವಲಸೆ ಕಾಯ್ದೆ, ಕರಿಯರ ಮತದಾನದ ಹಕ್ಕಿನ ಕಾಯ್ದೆ, ಎರಡೂ ಅದೇ ವರ್ಷ, ಅದೇ ಸಂಸತ್ತು ಪಾಸು ಮಾಡಿದ್ದು, ಆ ಹುಡುಗರ ನಾಗರಿಕ ಹಕ್ಕುಗಳ ಚಳವಳಿಯ ಒತ್ತಡದಲ್ಲಿ. ಯಾರನ್ನ ತಡೆಯೋಕೆ ಆ ಬಾವುಟ ಹತ್ತಿತ್ತೋ ಅವರು ಏಟು ತಿಂದು ಗೆದ್ದ ದಾರಿಯಲ್ಲೇ ನಮ್ಮ ಎಚ್-1ಬಿ, ಗ್ರೀನ್ ಕಾರ್ಡ್, ಕನ್ನಡ ಬಳಗ ಎಲ್ಲ ಬಂದದ್ದು.

ಟ್ರಕ್ಕಿನ ಹಿಂದೆ ಈ ಸ್ಟಿಕ್ಕರ್ ಅಂಟಿಸಿಕೊಂಡವರ ಜೊತೆ ಜಗಳಕ್ಕೆ ಹೋಗಿ ಅಂತ ನಾನು ಹೇಳ್ತಿಲ್ಲ. ನಾನೂ ಹೋಗಲ್ಲ. ಶಾಲೆಯ ಹೆಸರು, ಪಾರ್ಕಿನ ಪ್ರತಿಮೆ ಅಂತ ಕೌಂಟಿ ಸಭೆಗಳಲ್ಲಿ ಚರ್ಚೆ ಆಗುತ್ತೆ. ಸಾರ್ವಜನಿಕರಿಗೆ ಎರಡು-ಮೂರು ನಿಮಿಷ ಮೈಕ್ ಕೊಡ್ತಾರೆ. ನಾನು ಹೋದಾಗೆಲ್ಲ ಆ ಸಾಲಿನಲ್ಲಿ ನಮ್ಮವರು ಕಂಡದ್ದಿಲ್ಲ. ಮುಂದಿನ ಸಲ ಯಾರಾದರೂ ಬರೋದಾದರೆ ಹೇಳಿ, ಕಾರಲ್ಲಿ ಜಾಗ ಇದೆ.